ಒಡ್ಡು ಬಾಗಿದ ಜಾಗ

ಏಪ್ರಿಲ್ 9, ಬುಧವಾರ

ಈ ದಿನಚರಿ ಇರಕಲ್ಲಗಡದ ಬೀಜದಂಗಡಿಯವರು ಹೊಸ ವರ್ಷಕ್ಕೆ ನಮ್ಮ ಯಜಮಾನರಿಗೆ ಕೊಟ್ಟದ್ದು. ಮೊದಲ ಪುಟದಲ್ಲಿ ಕಲ್ಲೇಶ ಎಂದು ಹೆಸರು ಬರೆದಿಟ್ಟಿದ್ದಾರೆ, ಮುಂದೆ ಒಂದಕ್ಷರವಿಲ್ಲ. ಖಾಲಿ ಹಾಳೆ ದಂಡವಾಗಬಾರದೆಂದು ನಾನು ಬರೆಯುತ್ತಿದ್ದೇನೆ.

ಅವರು ಹೋಗಿ ಇಂದಿಗೆ ಮೂವತ್ತೆಂಟು ದಿನ. ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ಮನೆತನದ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದರು, ಮೇಲಿನ ಕೆಂಪು ಮಸಾರಿ ಹೊಲದಲ್ಲಿ. ಎಲ್ಲಿ ತೋಡಬೇಕು ಎಂದು ಮೈದುನ ರುದ್ರೇಶ ಕೇಳಿದನಂತೆ. ನಾನು ಕೈ ಮಾಡಿ ತೋರಿಸಿದೆನಂತೆ. ನನಗೆ ನೆನಪಿಲ್ಲ.

ಗಂಗಾವತಿಯಿಂದ ಮಗಳು ಐಶ್ವರ್ಯ ದಿನಾ ಫೋನು ಮಾಡುತ್ತಾಳೆ. "ಯವ್ವಾ, ಒಮ್ಮೆ ಬಾಯಿ ಬಿಟ್ಟು ಅತ್ತುಬಿಡು" ಅನ್ನುತ್ತಾಳೆ. ಅಳು ಬಂದರೆ ತಾನೇ? ಊರಿನವರು ಬಂದು ಕುಳಿತು ನನ್ನ ಕಣ್ಣನ್ನೇ ನೋಡಿ, ಚಹಾ ಕುಡಿದು ಹೋಗುತ್ತಾರೆ. ಅಳುವುದನ್ನೆಲ್ಲ ಅತ್ತೆಯೇ ಅಳುತ್ತಾರೆ, ನನ್ನ ಪಾಲಿನದೂ ಸೇರಿಸಿ.

ಏಪ್ರಿಲ್ 14, ಸೋಮವಾರ

ಇವತ್ತು ಸಮಿತಿ ಕೆಲಸಕ್ಕೆ ಹೋದೆ. ಮನೆಯಲ್ಲಿ ಕುಳಿತರೂ ಒಂದೇ, ಹೊಲದಲ್ಲಿ ನಿಂತರೂ ಒಂದೇ.

ನಮ್ಮ ಊರಿನ ಜಲಾನಯನ ಸಮಿತಿಗೆ ರುದ್ರೇಶ ಅಧ್ಯಕ್ಷ, ನಾನು ಕಾರ್ಯದರ್ಶಿ. ಅಧ್ಯಕ್ಷನಾದಂದಿನಿಂದ ಅವನು ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಾನೆ, ಬರೆಯುವವಳು ಮಾತ್ರ ನಾನು. ಈ ಮಳೆಗಾಲದೊಳಗೆ ಗುಡ್ಡದ ಬುಡದಿಂದ ಹಳ್ಳದವರೆಗೆ ಎಲ್ಲ ಹೊಲಗಳಿಗೂ ಮಳೆನೀರು ತಡೆಯಲು ಮಣ್ಣಿನ ಒಡ್ಡು ಹಾಕಬೇಕು. ಕೆಲಸ ಮೇಲಿನಿಂದ ಶುರುವಾಗಬೇಕು. ಎಲ್ಲಕ್ಕಿಂತ ಮೇಲಿನದು ನಮ್ಮ ಹೊಲ. ಅದರ ಕೆಳಗೆ ದುರುಗವ್ವನ ಎರಡು ಎಕರೆ. ನಮ್ಮ ಒಡ್ಡು ಒಡೆದರೆ ನೀರು ಮೊದಲು ನುಗ್ಗುವುದು ಅವಳ ಹೊಲಕ್ಕೆ.

ಒಡ್ಡಿನ ಗೆರೆಯನ್ನು ಫೆಬ್ರುವರಿಯಲ್ಲೇ ಸುಣ್ಣ ಹಾಕಿ ಗುರುತು ಮಾಡಿದ್ದೆವು. ನೆಲದ ಮಟ್ಟ ನೋಡುವ ನೀರಿನ ಪೈಪಿನ ಒಂದು ತುದಿ ಅವರು ಹಿಡಿದಿದ್ದರು, ಇನ್ನೊಂದು ತುದಿ ನಾನು. ಸುಣ್ಣವೆಲ್ಲ ಈಗ ಗಾಳಿಗೆ ಹೋಗಿದೆ. ಎಂಜಿನಿಯರ್ ಗೌರೀಶ ನಕ್ಷೆ ಬಿಚ್ಚಿದ, ನೆಲ ನೋಡಿದ, ಮತ್ತೆ ನಕ್ಷೆ ನೋಡಿದ.

"ಮೇಡಂ, ಗೆರಿ..." ಅಂದವನು ಅಲ್ಲಿಗೇ ನಿಲ್ಲಿಸಿದ.

ಗೆರೆ ಸರಿಯಾಗಿ ಅವರ ಸಮಾಧಿಯ ನಡುವೆಯೇ ಹೋಗುತ್ತದೆ. ಇಡೀ ನಾಲ್ಕು ಎಕರೆಯಲ್ಲಿ ನಾನು ಕೈ ತೋರಿಸಿದ್ದು ಅಲ್ಲೇ.

ಏಪ್ರಿಲ್ 17, ಗುರುವಾರ

ಸಮುದಾಯ ಭವನದಲ್ಲಿ ಸಭೆ. ಎಂದೂ ಸಭೆಗೆ ಬಾರದವರೂ ಬಂದಿದ್ದರು. ಅತ್ತೆಯೂ ಬಂದು ಬಾಗಿಲ ಹತ್ತಿರ ಕುಳಿತಿದ್ದರು.

ಸಮಾಧಿಯ ಮೇಲ್ಗಡೆಯಿಂದ ಒಡ್ಡು ತಿರುಗಿಸೋಣವೆಂದರೆ ಅಲ್ಲಿ ಹಾಸುಬಂಡೆ. ಮಣ್ಣು ಕಚ್ಚಿಕೊಳ್ಳುವುದಿಲ್ಲ ಎಂದು ಗೌರೀಶ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಅತ್ತೆ ಎದ್ದು ನಿಂತರು.

"ಮ್ಯಾಲಿಂದ ತಿರುಗಿಸಿದ್ರ ನನ್ನ ಮಗ ಒಡ್ಡಿನ ಹೊರಗ ಬೀಳತಾನ. ಹೊಲದ ಯಜಮಾನನ್ನ ಯಾರಾರ ಹೊರಗ ಹಾಕತಾರೇನ್ರಪ್ಪ?"

ಹಾಗಾದರೆ ಕೆಳಗಡೆಯಿಂದ ಬಾಗಿಸಬೇಕು, ಅಲ್ಲಿ ನೆಲ ತಗ್ಗು. ಗೌರೀಶ ಮೆಲ್ಲಗೆ ಹೇಳಿ ನೋಡಿದ. "ತಗ್ಗಿನ್ಯಾಗ ಒಡ್ಡು ಎತ್ತರ ಮಾಡಬಹುದ್ರಿ. ಆದ್ರ ಇಡೀ ಹೊಲದ ನೀರು ಬಂದು ಅಲ್ಲೇ ಕೂಡತೈತಿ. ಅಲ್ಲೇ ಜೋರು ಬೀಳತೈತಿ."

"ಒಂದೀಟು ಹೆಚ್ಚಿಗೆ ಮಣ್ಣು ಹಾಕಿದ್ರಾತು ಬಿಡ್ರಿ" ಎಂದ ರುದ್ರೇಶ. "ಅಣ್ಣಗ ಅಷ್ಟೂ ಮಾಡಲಿಲ್ಲಂದ್ರ ಹೆಂಗ?"

ಎಲ್ಲರೂ ಕೈ ಎತ್ತಿದರು. ದುರುಗವ್ವನ ಕೈ ಸ್ವಲ್ಪ ತಡವಾಗಿ ಎದ್ದಿತು. ನನ್ನ ಕಡೆ ಒಮ್ಮೆ ನೋಡಿ ಎತ್ತಿದಳು. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದಿವೆ.

ಏಪ್ರಿಲ್ 22, ಮಂಗಳವಾರ

ಹೊಸ ಗೆರೆ ಹಾಕಿದೆವು. ಪೈಪಿನ ಇನ್ನೊಂದು ತುದಿ ಹಿಡಿಯಲು ದುರುಗವ್ವ ಬಂದಳು. ಮೂರು ದಿನದ ತರಬೇತಿಯಲ್ಲಿ ಎಲ್ಲರಿಗಿಂತ ಮೊದಲು ಕಲಿತವಳು ಅವಳೇ. ಕೋಲಿಗೆ ಕಟ್ಟಿದ ಪೈಪಿನಲ್ಲಿ ನೀರು ಗುರುತಿಗೆ ಸರಿ ನಿಂತರೆ ಎರಡೂ ಕಡೆ ನೆಲ ಸಮ. ನೀರು ಗುರುತು ದಾಟಿ ಮೇಲೆ ಹತ್ತಿದರೆ ಆ ಕಡೆ ತಗ್ಗು. ಇಷ್ಟೇ ವಿದ್ಯೆ.

ಬಾಗಿದ ಕಡೆ ಹೋಗಿ ನಿಂತು ಅವಳು ಕೂಗಿದಳು. "ಅಕ್ಕಾರ, ನನ್ನ ಕಡೆ ನೀರು ಗೇಣು ಏರೈತ್ರಿ."

"ಇರಲಿ" ಎಂದೆ.

"ಗೇಣ್ರಿ ಅಕ್ಕಾರ. ಬೊಟ್ಟಲ್ಲ, ಗೇಣು."

"ಇರಲಿ ಬಿಡ ದುರುಗವ್ವಾ. ಸುಣ್ಣ ಹಾಕು."

ಅವಳು ಸುಣ್ಣ ಹಾಕಿದಳು. ನೀರು ಎಲ್ಲಿ ನುಗ್ಗುತ್ತದೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಹೇಳಬೇಕಾದವಳು ನಾನು. ಹೇಳಲು ನಾಲಿಗೆ ಎದ್ದೇಳಲಿಲ್ಲ, ಅಷ್ಟೇ.

ಮೇ 6, ಮಂಗಳವಾರ

ಒಡ್ಡಿನ ಕೆಲಸ ನಡೆದಿದೆ. ಬೆಳಿಗ್ಗೆ ಕೂಲಿಯವರ ಹಾಜರಿ ಫೋಟೋ ತೆಗೆದೆ. ಮಧ್ಯಾಹ್ನ ಮತ್ತೆ ತೆಗೆದೆ. ಬಿಸಿಲು.

ಮೇ 7, ಬುಧವಾರ

ನಿನ್ನೆಯಂತೆಯೇ.

ಮೇ 19, ಸೋಮವಾರ

ಒಡ್ಡು ಬಾಗಿದ ಜಾಗಕ್ಕೆ ಬಂದಾಗ ಹೆಂಗಸರೆಲ್ಲ ಚಪ್ಪಲಿ ಬಿಟ್ಟು ಬುಟ್ಟಿ ಹೊತ್ತರು. ಸಮಾಧಿಯ ಹತ್ತಿರ ಸಲಿಕೆ ಹಾಕಲಿಲ್ಲ, ದೂರದಿಂದ ಮಣ್ಣು ತಂದರು. ಎತ್ತರವನ್ನೇನೋ ಮಾಡಿದ್ದಾರೆ. ನೋಡಲು ಅಂದವಾಗಿಯೇ ಇದೆ, ತೊಟ್ಟಿಲಿನಂತೆ. ಊರವರ ಮರ್ಯಾದೆ ದೊಡ್ಡದು ಎಂದು ಅತ್ತೆ ಮೂರು ಸಲ ಹೇಳಿದರು.

ಹೌದು, ದೊಡ್ಡದೇ. ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಕಾಳು ಹಸನು ಮಾಡಿದೆ.

ಮೇ 30, ಶುಕ್ರವಾರ

ರೋಹಿಣಿ ಮಳೆ ಹದವಾಗಿ ಬಂದಿದೆ. ಒಡ್ಡುಗಳೆಲ್ಲ ನೀರು ಹಿಡಿದಿವೆ ಎಂದು ರುದ್ರೇಶ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ದುರುಗವ್ವ ಹೆಸರು ಬಿತ್ತಿದಳಂತೆ. ಅವಳು ನೋಡಲು ಕರೆದಳು. ನಾನು ಹೋಗಲಿಲ್ಲ.

ಜೂನ್ 12, ಗುರುವಾರ

ಮಿರಗದ ಮಳೆ, ಮೃಗಶಿರಾ ನಕ್ಷತ್ರದ್ದು. ಮಧ್ಯಾಹ್ನ ಮೂರಕ್ಕೆ ಹಿಡಿದದ್ದು ಐದೂವರೆಗೆ ಬಿಟ್ಟಿತು. ಆರಕ್ಕೆ ರುದ್ರೇಶ ತೊಯ್ದ ಬಟ್ಟೆಯಲ್ಲೇ ಬಂದು ಅಂಗಳದಲ್ಲಿ ನಿಂತ.

"ಅತ್ತಿಗಿ, ಒಡ್ಡು ಹೋತು."

ಯಾವ ಜಾಗ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೂನ್ 13, ಶುಕ್ರವಾರ

ಬೆಳಗಾಗುತ್ತಲೇ ಹೋದೆ. ಬಾಗಿದ ಜಾಗದಲ್ಲಿ ಎರಡು ಬಂಡಿ ಅಗಲ ಕಿತ್ತುಹೋಗಿದೆ. ಅಲ್ಲಿಂದ ಕೆಳಗೆ ದುರುಗವ್ವನ ಹೊಲ ಹೊಲವಾಗಿ ಉಳಿದಿಲ್ಲ. ಎರಡೆಲೆ ಬಿಟ್ಟಿದ್ದ ಹೆಸರು ಮಣ್ಣಿನ ಸಮೇತ ಹಳ್ಳಕ್ಕೆ ಹೋಗಿದೆ. ಅರ್ಧ ಎಕರೆಗೂ ಹೆಚ್ಚು ಬರೀ ಗರಸು, ಹರಳುಕಲ್ಲು. ಅವಳ ಅಪ್ಪ ಜೀತ ಬಿಟ್ಟಮೇಲೆ ಸಿಕ್ಕ ಹೊಲವದು. ಅದರ ಹರಳು ಆರಿಸುತ್ತಲೇ ಅವಳು ದೊಡ್ಡವಳಾದದ್ದು.

ದುರುಗವ್ವ ತನ್ನ ಹೊಲದಲ್ಲಿ ಇರಲಿಲ್ಲ. ನಮ್ಮ ಹೊಲದಲ್ಲಿದ್ದಳು. ಒಡ್ಡು ಒಡೆಯುವ ಮೊದಲು ನೀರೆಲ್ಲ ಸಮಾಧಿಯ ಮೇಲೆ ನಿಂತು ಮಣ್ಣು ಮೊಳದುದ್ದ ಕುಸಿದಿತ್ತು. ಅವಳು ಮೊಣಕಾಲೂರಿ ಕುಳಿತು, ಸೀರೆಯ ಉಡಿಯಲ್ಲಿ ಮಣ್ಣು ತಂದು ತಂದು ತುಂಬುತ್ತಿದ್ದಳು. ಆಗಲೇ ಮುಕ್ಕಾಲು ತುಂಬಿದ್ದಳು. ಕತ್ತಲಿರುವಾಗಲೇ ಬಂದಿರಬೇಕು.

"ನೀವು ನೋಡೂದರಾಗ ಸರಿ ಮಾಡೋಣ ಅಂತ ಬಂದಿದ್ದೆ ಅಕ್ಕಾರ" ಅಂದಳು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ.

"ನಿನ್ನ ಹೊಲ ನೋಡಿಕೊಂಡ್ಯಾ?"

"ನೋಡೂದೇನೈತ್ರಿ ಅದರಾಗ."

ನನಗೆ ಸಿಟ್ಟು ಬಂತು. ಎಲ್ಲಿತ್ತೋ ಏನೋ, ನೆತ್ತಿಗೇ ಏರಿತು. "ಬೈ ನನಗ" ಎಂದು ಕೂಗಿದೆ. "ಗೇಣು ಅಂತ ಎರಡು ಸಲ ಹೇಳಿದ್ದಿ. ಕೇಳಲಿಲ್ಲ ನಾನು. ಬೈಯಾಕ ಏನಾಗೈತಿ ನಿನಗ?"

ಅವಳು ಉಡಿ ಝಾಡಿಸಿಕೊಂಡು ಎದ್ದಳು. "ದುಃಖದಾಗ ಇರೂರನ್ನ ಹೆಂಗ ಬೈಯೂದ್ರಿ" ಎಂದಳು. ಹೊಲ ಕಳೆದುಕೊಂಡವಳು ಅವಳು, ದುಃಖದಲ್ಲಿರುವವಳು ನಾನಂತೆ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ನಾಚಿಕೆ ಎಂಬುದು ಒಂದಿತ್ತು ಎನ್ನುವುದೇ ಮರೆತುಹೋಗಿತ್ತು.

ಜೂನ್ 15, ಭಾನುವಾರ

ಒಡೆದದ್ದಕ್ಕೆ ಊರಿನಲ್ಲಿ ಎಲ್ಲ ಕಾರಣಗಳೂ ಸಿಕ್ಕಿವೆ. ಮಳೆ ಭಾರಿ, ಮಣ್ಣು ಹಸಿ, ಇಲಿ ಬಿಲ, ನಕ್ಷೆ ಸರಿ ಇಲ್ಲ. ಒಬ್ಬರಾದರೂ ಒಡ್ಡು ಬಾಗಿತ್ತು ಅನ್ನಬೇಕಲ್ಲ! ಬಾಗಿದ ಜಾಗಕ್ಕೇ ಈ ಸಲ ಕಲ್ಲು ಕಟ್ಟೋಣ ಎಂದು ರುದ್ರೇಶ ಹೇಳುತ್ತಿದ್ದಾನೆ. ಇವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ. ಒಳ್ಳೆಯತನ ಇವರದು, ಹೊಲ ದುರುಗವ್ವನದು.

ಇವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎಷ್ಟು ದಿನದಿಂದ ಹೀಗೆ ಹಾಕುತ್ತಿದ್ದೇನೋ, ಅತ್ತೆ ಸುಮ್ಮನೆ ಉಂಡಿದ್ದಾರೆ.

ಜೂನ್ 18, ಬುಧವಾರ

ಸಭೆ ನಾನೇ ಕರೆದೆ. ಎಲ್ಲರೂ ಕುಳಿತಮೇಲೆ ಎದ್ದು ನಿಂತೆ.

"ಒಡ್ಡು ಮಳಿಗಲ್ಲ, ಬಾಗಿದ್ದಕ್ಕ ಒಡೆದೈತಿ. ಗೆರಿ ಹಾಕಿದಾಕಿ ನಾನು. ನೀರು ಗೇಣು ಏರಿದ್ದು ನೋಡಿನೂ ಸುಮ್ನಿದ್ದೆ. ಹಳೇ ಗೆರಿ ಎಲ್ಲಿತ್ತೋ ಅಲ್ಲೇ ಒಡ್ಡು ಹಾಕ್ರಿ. ಸಮಾಧಿ ಮ್ಯಾಲೇ ಹಾಕ್ರಿ."

ಗೌರೀಶ ನೆಲ ನೋಡುತ್ತ ತಲೆ ಆಡಿಸಿದ. ರುದ್ರೇಶನ ಎರಡೂ ಪೆನ್ನು ಅಲ್ಲಾಡುತ್ತಿದ್ದವು, ಪಾಪ, ಎದೆ ಏರಿಳಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ಎದ್ದರು.

"ನನ್ನ ಮಗನ ಎದಿ ಮ್ಯಾಲ ಮಣ್ಣು ಹೇರತೀಯೇನ?" ಎಂದರು. ಎಲ್ಲರ ಎದುರು. "ಕಣ್ಣಾಗ ಒಂದು ಹನಿ ನೀರು ಬರಲಿಲ್ಲ ನಿನಗ. ಈಗ ಇದೊಂದು ಉಳಿದಿತ್ತು."

ಯಾರೂ ಕೈ ಎತ್ತಲಿಲ್ಲ. ತಾಯಿ ಒಪ್ಪದೆ ಊರು ಹೇಗೆ ಒಪ್ಪೀತು? ತೀರ್ಮಾನವಾಗಲಿಲ್ಲ ಎಂದು ಬರೆದುಕೊಂಡು ಎದ್ದೆವು. ಒಳ್ಳೆಯ ಮಳೆ ಇನ್ನೊಂದು ಬಂದರೆ ದುರುಗವ್ವನ ಉಳಿದ ಹೊಲವೂ ಹೋಗುತ್ತದೆ.

ಜೂನ್ 21, ಶನಿವಾರ

ಅತ್ತೆ ನನ್ನ ಕೈಯ ಊಟ ಬಿಟ್ಟಿದ್ದಾರೆ. ರುದ್ರೇಶನ ಮನೆಯಿಂದ ಅವರಿಗೆ ಬುತ್ತಿ ಬರುತ್ತದೆ. ಎರಡು ಕೋಣೆಯ ಮನೆಯಲ್ಲಿ ಎರಡು ಬಾಗಿಲು ಹಾಕಿಕೊಂಡು ಕುಳಿತಿದ್ದೇವೆ.

ಅವರ ಮಾತು ಕಿವಿಯಲ್ಲಿ ಸುತ್ತುತ್ತಲೇ ಇದೆ. ಅವರು ಹೇಳಿದ್ದು ಸುಳ್ಳಲ್ಲವಲ್ಲ. ಹನಿ ಬರಲಿಲ್ಲ, ನಿಜ. ಬರಲಿಲ್ಲವೆಂದರೆ ಇರಲಿಲ್ಲ ಅಂತಲೇ? ಇಪ್ಪತ್ತನಾಲ್ಕು ವರ್ಷ ಒಬ್ಬ ಮನುಷ್ಯನ ಜೊತೆ ಜಗಳಾಡಿಕೊಂಡು ಹೊಲ ಮಾಡಿದ್ದೇನೆ. ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಸಾಲು ತಪ್ಪಿದರೆ ನನಗೇ ಬೈಯುತ್ತಿದ್ದರು, ಎತ್ತಿಗೂ ಬೈಯುತ್ತಿರಲಿಲ್ಲ. ಈಗ ಇದ್ದಿದ್ದರೆ ಬಾಗಿದ ಒಡ್ಡು ನೋಡಿ ಕೂಗಿ ಊರು ಒಂದು ಮಾಡುತ್ತಿದ್ದರು. ಅದನ್ನು ಅತ್ತೆಗೆ ಹೇಳಬೇಕೆನ್ನಿಸಿತು, ಬಾಗಿಲು ಹಾಕಿತ್ತು.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಸೂತಕದ ವರ್ಷ, ಎತ್ತು ಮಾಡುವುದು ಬೇಡವೆಂದಿದ್ದೆ. ಅತ್ತೆ ಸುಮ್ಮನೆ ಹೋಗಿ ಮಣ್ಣು ತಂದು ಪಡಸಾಲೆಯಲ್ಲಿ ಕುಳಿತು ಮಾಡಿದರು. ಕೈ ನಡುಗುತ್ತವೆ, ಒಂದು ಎತ್ತಿನ ಕೋಡು ನಿಲ್ಲಲೇ ಇಲ್ಲ. ನಾನು ಹತ್ತಿರ ಹೋಗಿ ಹಿಟ್ಟಿನಂತೆ ಮಿದ್ದಿ ಕೋಡು ಮಾಡಿಕೊಟ್ಟೆ. ತೆಗೆದುಕೊಂಡರು.

"ಎಲ್ಲಿ ಮಣ್ರಿ ಇದು?" ಎಂದು ಕೇಳಿದೆ.

"ದುರುಗವ್ವನ ಹೊಲದ್ದು" ಎಂದರು. "ಹರಳು ಬಿಟ್ರ ಏನೂ ಸಿಗವಲ್ತು ಅಲ್ಲಿ. ತಿರುಗಾಡಿ ತಿರುಗಾಡಿ ತಂದೀನಿ."

ಅಂದರೆ ಹೋಗಿ ನೋಡಿ ಬಂದಿದ್ದಾರೆ.

ಜುಲೈ 2, ಬುಧವಾರ

ಇವತ್ತು ಬೆಳಿಗ್ಗೆ ಅತ್ತೆಯನ್ನು ಹೊಲಕ್ಕೆ ಕರೆದೆ. ಯಾಕೆ ಎಂದು ಕೇಳಲಿಲ್ಲ, ಕೋಲು ಹಿಡಿದು ಬಂದರು. ಪೈಪಿಗೆ ನೀರು ತುಂಬಿ ಒಂದು ತುದಿ ಅವರ ಕೈಗೆ ಕೊಟ್ಟೆ.

"ನನಗೇನು ತಿಳೀತೈತಿ ಇದು" ಎಂದರು.

"ಏನೂ ತಿಳಿಯೂದು ಬ್ಯಾಡ್ರಿ ಅತ್ತಿ. ನೀರು ನೋಡ್ರಿ ಸಾಕು."

ಮೊದಲು ಹಳೆಯ ಗೆರೆಯ ಮೇಲೆ, ಮಗನ ತಲೆಯ ಹತ್ತಿರ ನಿಲ್ಲಿಸಿದೆ. ನೀರು ಗುರುತಿಗೆ ಸರಿಯಾಗಿ ನಿಂತಿತು. ಆಮೇಲೆ ನನ್ನ ತುದಿಯನ್ನು ಹಳೆಯ ಗೆರೆಯಲ್ಲೇ ಹಿಡಿದು, ಅವರನ್ನು ಒಡ್ಡು ಬಾಗಿದ್ದ ಜಾಗಕ್ಕೆ ಕಳಿಸಿದೆ. ಪೈಪಿನಲ್ಲಿ ನೀರು ಸರಸರ ಏರಿ ಗೇಣು ಮೇಲೆ ನಿಂತಿತು. ಅತ್ತೆ ಪೈಪನ್ನು ಒಮ್ಮೆ ಅಲ್ಲಾಡಿಸಿದರು. ಅದು ಮತ್ತೆ ಅಲ್ಲೇ ಬಂದು ನಿಂತಿತು. ಅರವತ್ತು ವರ್ಷ ಹೊಲ ಮಾಡಿದ ಜೀವ, ಹೆಚ್ಚು ಹೇಳುವುದು ಬೇಕಾಗಲಿಲ್ಲ.

"ಅವತ್ತ ಯಾಕ ಹೇಳಲಿಲ್ಲ?"

"ನೀವು ನೊಂದುಕೊಂಡಿದ್ರಿ."

"ನಾ ನೊಂದ್ರ ನೀರು ಮ್ಯಾಲಕ್ಕ ಹರೀತೈತೇನ?"

ನನಗೆ ನಗು ಬಂತು. ಇಂಥ ಮಾತು ಆಡುವಾಗ ತಾಯಿ ಮಗ ಇಬ್ಬರದೂ ಒಂದೇ ಮುಖ. ಅತ್ತೆಗೂ ನಗು ಬಂದಿತೋ ಅಳುವೋ, ಸೆರಗು ಅಡ್ಡ ಹಿಡಿದರು. ಹಿಂದಕ್ಕೆ ಬರುವಾಗ ದುರುಗವ್ವನ ಹೊಲದ ಬದುವಿನಲ್ಲಿ ನಿಂತು ಒಂದಷ್ಟು ಹರಳು ಆರಿಸಿ ಹೊರಗೆ ಎಸೆದರು. ಮನೆಗೆ ಬಂದು, "ಏನು ಮಾಡೀದಿ, ನೀಡು" ಎಂದರು. ಮಡಿಕೆಕಾಳಿನ ಪಲ್ಯ ಇತ್ತು.

ಜುಲೈ 5, ಶನಿವಾರ

ಅತ್ತೆ ಒಪ್ಪಿದಮೇಲೆ ಊರೂ ಒಪ್ಪಿತು. ಇವತ್ತು ಹಳೆಯ ಗೆರೆಯ ಮೇಲೆ ಒಡ್ಡು ಹಾಕಿದೆವು. ಕೂಲಿಯ ಲೆಕ್ಕದ ಕೆಲಸವಲ್ಲ, ಊರವರೇ ಮನೆಗೊಬ್ಬರಂತೆ ಬಂದರು.

ಎರಡೂ ಕಡೆಯಿಂದ ಒಡ್ಡು ಬೆಳೆಯುತ್ತ ಬಂದು ಸಮಾಧಿಯ ಹತ್ತಿರ ನಿಂತಿತು. ಅಲ್ಲಿ ಎಲ್ಲರ ಕೈ ಸೋತವು. ಅತ್ತೆ ಒಂದು ಹಿಡಿ ಮಣ್ಣು ಹಾಕಿ ಕೈ ಮುಗಿದರು, ಆಮೇಲೆ ಬುಟ್ಟಿಗಳು ಬಿದ್ದವು. ಆದರೆ ಎಲ್ಲರೂ ಪಕ್ಕದಲ್ಲಿ ನಿಂತು ಮೆಲ್ಲಗೆ ಸುರಿಯುವವರೇ, ಹತ್ತಿ ತುಳಿಯುವವರಿಲ್ಲ. ಒಡ್ಡಿಗೆ ಪದರು ಪದರಾಗಿ ಮಣ್ಣು ಹಾಕಿ, ಪ್ರತಿ ಪದರನ್ನೂ ಗಟ್ಟಿಯಾಗಿ ತುಳಿಯಬೇಕು. ತುಳಿಯದ ಮಣ್ಣು ಮೊದಲ ಮಳೆಗೇ ಕರಗುತ್ತದೆ.

"ತುಳೀಬೇಕ್ರಿ" ಎಂದ ಗೌರೀಶ, ತನ್ನ ಬೂಟು ನೋಡಿಕೊಂಡು ಹಿಂದೆ ಸರಿದ. ರುದ್ರೇಶ, "ಅಣ್ಣನ ಮ್ಯಾಲ ಕಾಲಿಡಾಕ ನನ್ನ ಕಡೆ ಆಗೂದಿಲ್ಲ ಅತ್ತಿಗಿ" ಎಂದು ಮುಖ ತಿರುಗಿಸಿದ. ದುರುಗವ್ವ ಬುಟ್ಟಿ ಕೆಳಗಿಟ್ಟು, "ನಮ್ಮ ಕಾಲು ಅಲ್ಲಿ ಬೀಳಬಾರದ್ರಿ ಅಕ್ಕಾರ" ಎಂದಳು. ಅವಳ ಹೊಲ ಉಳಿಸುವ ಒಡ್ಡು, ಅವಳೇ ಹಾಗಂದಳು.

ಚಪ್ಪಲಿ ಬಿಟ್ಟು ನಾನು ಹತ್ತಿದೆ.

ಮೊದಲ ಹೆಜ್ಜೆ ಇಡುವಾಗ ಕಾಲು ಮೇಲೇ ನಿಂತಿತು. ಅವರು ಮಲಗಿದಾಗ ಅವರ ಕಾಲು ಕೂಡ ದಾಟಿದವಳಲ್ಲ ನಾನು. ಅಪ್ಪಿತಪ್ಪಿ ಪಾದ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಮಣ್ಣು ಮೆತ್ತಗಿತ್ತು, ಬೆಚ್ಚಗಿತ್ತು. ಇಟ್ಟ ಕಾಲು ಹೂತುಹೋಯಿತು. ಇನ್ನೊಂದು ಇಟ್ಟೆ. ಹಾಗೆ ಹತ್ತು ಹೆಜ್ಜೆ ಹೋಗಿರಬೇಕು, ಕೆಳಗಿನಿಂದ ಅತ್ತೆಯ ದನಿ ಬಂತು.

"ಹಂಗ ಮೆಲ್ಲಕ ತುಳದ್ರ ಆಗೂದಿಲ್ಲ. ಗಟ್ಟಿ ತುಳಿ."

ಗಟ್ಟಿಯಾಗಿ ತುಳಿದೆ. ಹಿಮ್ಮಡಿ ಊರಿ ತುಳಿದೆ. ಬುಟ್ಟಿಗಳು ಬರುತ್ತಲೇ ಇದ್ದವು, ನಾನು ತುಳಿಯುತ್ತಲೇ ಇದ್ದೆ. ಹೇಳದೆ ಕೇಳದೆ ಎದ್ದು ಹೋದಿರಲ್ಲ, ಪೈಪಿನ ತುದಿ ಕೈಯಲ್ಲಿ ಬಿಟ್ಟು ಹೋದಿರಲ್ಲ ಎಂದು ಪ್ರತಿ ಹೆಜ್ಜೆಗೂ ಅವರಿಗೆ ಬೈದೆ. ಬಾಯಿ ಬಿಟ್ಟು ಬೈದೆನೋ ಮನಸ್ಸಿನಲ್ಲೋ ಗೊತ್ತಿಲ್ಲ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ.

"ಒಬ್ಬಾಕೀನೇ ಎಷ್ಟಂತ ತುಳೀತಾಳ" ಎಂದರು ಅತ್ತೆ. "ದುರುಗವ್ವಾ, ಹತ್ತು. ನನ್ನ ಮಗನ ಮ್ಯಾಲ ನಾನ ಹತ್ತಸಾಕತ್ತೀನಿ, ಹತ್ತು ನೀನು."

ದುರುಗವ್ವ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಬಂದಳು. ಕೈ ಚಾಚಿದೆ, ಹಿಡಿದುಕೊಂಡು ಹತ್ತಿದಳು. ಅವಳ ಹಿಂದೆ ರುದ್ರೇಶ. ಆಮೇಲೆ ಎಲ್ಲರೂ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮಣ್ಣಿನಲ್ಲಿ ಮಲಗಿದ ಅವರು ನನ್ನ ಪಾದದಿಂದ ಇನ್ನೂ ಸೊಂಟದಷ್ಟು ಆಳಕ್ಕೆ ಹೋಗಿದ್ದರು. ಗೌರೀಶ ಮೇಲೆ ಬಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡಿದ. ಬೆರಳುದ್ದವೂ ಇಳಿಯಲಿಲ್ಲ.

ಮನೆಗೆ ಬಂದಮೇಲೆ ಅತ್ತೆ ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದು ಇಟ್ಟಿದ್ದಾರೆ. ಎರಡೂ ಹಿಮ್ಮಡಿ ಒಡೆದಿವೆ. ಭಾಳ ಉರಿಯುತ್ತಿವೆ. ಹನಿ ಬಿದ್ದು ಅಕ್ಷರ ಕಲಸುತ್ತಿವೆ, ಬರೆಯಲು ಆಗುತ್ತಿಲ್ಲ, ಅಷ್ಟು ಉರಿಯುತ್ತಿವೆ.